ನನ್ನ ಇಂಜೆಕ್ಷನ್ ಅತ್ತಿಗೆಗೆ ಚುಚ್ಚಿದೆ

ಅಕ್ಕಂದಿರೇ, ನನ್ನ ಹೆಸರು ಸೌಮ್ಯ. ಸುಲ್ತಾನ್ ಬತ್ತೇರಿಯಲ್ಲಿ ಟೈಲರಿಂಗ್ ಅಂಗಡಿ ಇಟ್ಟಿದ್ದೇನೆ. ಇಡೀ ದಿನ ಕೂತೇ ಕೆಲಸ. ತೂಕ ತೊಂಬತ್ತೆರಡು ಕಿಲೋ ಆಗಿ, ಮಂಡಿ ಹಿಡಿದು ಮೆಟ್ಟಿಲು ಹತ್ತುವ ಹಾಗಾಯ್ತು. ಆಗ ಡಾಕ್ಟರು ನನ್ನನ್ನು ಪರೀಕ್ಷೆ ಮಾಡಿ, ವಾರಕ್ಕೊಂದು ಇಂಜೆಕ್ಷನ್ ಬರೆದುಕೊಟ್ಟರು. ಆರು ತಿಂಗಳಲ್ಲಿ ಹನ್ನೊಂದು ಕಿಲೋ ಇಳಿದೆ.

ಒಂದು ಬುಧವಾರ ಪಯ್ಯಂಪಳ್ಳಿಯ ನಮ್ಮ ಅಣ್ಣ ಧರಣೇಂದ್ರನ ಮನೆಗೆ ಹೋಗಿದ್ದೆ. ಅತ್ತಿಗೆ ಪ್ರೇಮಾವತಿ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ ನೋಡಿದರು.

"ಅರ್ಧ ಆಗಿದ್ದೀಯಲ್ಲೇ! ನಾನೂ ಎರಡು ತಿಂಗಳಿಂದ ವಾರಕ್ಕೊಂದು ಚುಚ್ಕೋತಿದ್ದೀನಿ. ಎರಡು ಕಿಲೋನೂ ಇಳಿದಿಲ್ಲ."

ಅತ್ತಿಗೆಗೆ ಹನ್ನೆರಡು ವರ್ಷದಿಂದ ಶುಗರ್. ಅವರ ಇಂಜೆಕ್ಷನ್ ಅದಕ್ಕೆ ಕೊಟ್ಟದ್ದು. ಫ್ರಿಡ್ಜಿನಿಂದ ಅವರ ಇಂಜೆಕ್ಷನ್ ಪೆನ್ ತಂದರು. ಬುಧವಾರ ನನ್ನ ಇಂಜೆಕ್ಷನ್ ದಿನ, ಹಾಗಾಗಿ ಬ್ಯಾಗಿನಲ್ಲೇ ಇದ್ದ ನನ್ನದನ್ನು ನಾನೂ ತೆಗೆದೆ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದೆವು. ಅವರದು ಸೆಮಾಗ್ಲುಟೈಡ್, ಅರ್ಧ ಮಿಲಿಗ್ರಾಂ. ನನ್ನದು ಟಿರ್ಜೆಪಟೈಡ್, ಏಳೂವರೆ ಮಿಲಿಗ್ರಾಂ.

"ನೋಡಿದ್ಯಾ? ನಿನ್ನದಕ್ಕೆ ಹದಿನೈದು ಪಟ್ಟು ಪವರ್! ನನಗೂ ಒಂದು ಸಲ ಹಾಕು."

ಅಣ್ಣ ಅಲ್ಲೇ ಮೆಣಸು ಆರಿಸುತ್ತಾ ಕೂತಿದ್ದ. "ಭಾನುವಾರ ತಾನೇ ನಿಂದು ಹಾಕ್ಕೊಂಡಿದ್ದೀಯ. ಡಾಕ್ಟರಿಗೊಂದು ಫೋನ್ ಮಾಡು," ಅಂದ.

"ಕೇಳಿದ್ರೆ ಬೇಡ ಅಂತಾರೆ ಅಷ್ಟೇ," ಅಂದರು ಅತ್ತಿಗೆ.

ನನಗೆ ಬಹಳ ಗೊತ್ತು ಅನ್ನುವ ಜಂಬ. ಹೊಸ ಸೂಜಿ ಸಿಕ್ಕಿಸಿದೆ. ಅತ್ತಿಗೆಯ ಹೊಟ್ಟೆಗೆ ನನ್ನ ಕೈಯಾರೆ ಚುಚ್ಚಿದೆ.

ಗುರುವಾರ ಬೆಳಿಗ್ಗೆಯಿಂದ ವಾಂತಿ ಶುರುವಾಯ್ತು. ಗಂಜಿ ನಿಲ್ಲಲಿಲ್ಲ, ನೀರೂ ನಿಲ್ಲಲಿಲ್ಲ. ಹೊಟ್ಟೆಗೆ ಏನೂ ಇಲ್ಲದಿದ್ದರೂ ಶುಕ್ರವಾರ ಬೆಳಿಗ್ಗೆ ಅತ್ತಿಗೆ ಎಂದಿನಂತೆ ಶುಗರ್ ಮಾತ್ರೆ ನುಂಗಿದರು. ಹತ್ತು ಗಂಟೆಗೆ ಅಣ್ಣನ ಫೋನ್ ಬಂತು. "ಸೌಮ್ಯ, ಇವಳು ಬೆವತು ನೀರಾಗಿದ್ದಾಳೆ. ಹೆಸರು ಹಿಡಿದು ಕರೆದರೂ ನನ್ನನ್ನು ಗುರುತು ಹಿಡೀತಿಲ್ಲ."

ಕೂಡಲೇ ಆಸ್ಪತ್ರೆಗೆ ಕರ್ಕೊಂಡು ಹೋಗು ಅಂದು, ಅಂಗಡಿ ಮುಚ್ಚಿ ನಾನೂ ಹೊರಟೆ.

ನಾನು ಮಾನಂದವಾಡಿಯ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅತ್ತಿಗೆಗೆ ಡ್ರಿಪ್ ಹಾಕಿದ್ದರು. ಊಟವಿಲ್ಲದೆ ಮಾತ್ರೆ ನುಂಗಿದ್ದಕ್ಕೆ ಶುಗರ್ ನಲವತ್ತೆಂಟಕ್ಕೆ ಇಳಿದಿತ್ತಂತೆ. ನೀರಿಲ್ಲದೆ ಕಿಡ್ನಿಗೂ ಪೆಟ್ಟು ಬಿದ್ದಿತ್ತು. ಅಲ್ಲಿ ರಜೀಶ್ ಅಂತ ಒಬ್ಬರು ನರ್ಸ್. ಮೈಸೂರಲ್ಲಿ ಓದಿದವರು, ಕನ್ನಡ ಚೆನ್ನಾಗಿ ಬರುತ್ತೆ. ನಾನು ಅಳುತ್ತಾ ಎಲ್ಲ ಹೇಳಿದೆ. ಅವರ ಮುಖವೇ ಬದಲಾಯ್ತು.

"ಎರಡೂ ಒಟ್ಟಿಗೆ ಕೊಟ್ರಾ ಅಕ್ಕಾ? ಇವು ಒಂದೇ ಜಾತಿಯ ಔಷಧಿ. ಎರಡನ್ನೂ ಯಾವತ್ತೂ ಸೇರಿಸಬಾರದು!"

"ಆ ಔಷಧಿ ಹೊರಗೆ ತೆಗೆಯೋಕೆ ಆಗಲ್ವಾ?"

"ಆಗಲ್ಲ. ವಾರದ ಇಂಜೆಕ್ಷನ್ ಅಂದ್ರೆ ವಾರಗಟ್ಟಲೆ ಮೈಯೊಳಗೇ ಇರುತ್ತೆ. ನಾವು ಕಾಯಬೇಕು."



"ನನ್ನದು ಜಾಸ್ತಿ ಪವರ್ ಅಂತ..."

"ಬೇರೆ ಬೇರೆ ಔಷಧಿಯ ಮಿಲಿಗ್ರಾಂ ಹೋಲಿಸೋ ಹಾಗಿಲ್ಲ. ಟಿರ್ಜೆಪಟೈಡಿನಲ್ಲಿ ಸಾಮಾನ್ಯವಾಗಿ ತೂಕ ಹೆಚ್ಚು ಇಳಿಯುತ್ತೆ, ನಿಜ. ಆದರೆ ನಿಮಗೆ ಮೊದಲ ದಿನವೇ ಏಳೂವರೆ ಕೊಟ್ರಾ?"

"ಇಲ್ಲ. ಎರಡೂವರೆಯಿಂದ ಶುರು. ತಿಂಗಳು ತಿಂಗಳು ನೋಡಿ ಏರಿಸಿದ್ರು."

"ಮತ್ತೆ? ಇವರಿಗೆ ಒಮ್ಮೆಲೇ ಏಳೂವರೆ ಕೊಟ್ರೆ ಮೈ ತಡೆಯುತ್ತಾ? ಶುಗರ್ ಇರೋರಿಗೆ ತೂಕ ಇಳಿಯೋದೂ ನಿಧಾನ. ಸೂಜಿ ಬದಲಾಯಿಸಿದ್ರೂ ಒಬ್ಬರ ಪೆನ್ ಇನ್ನೊಬ್ಬರಿಗೆ ಬಳಸಬಾರದು, ರಕ್ತದಿಂದ ರೋಗ ಹರಡಬಹುದು." ಆಮೇಲೆ ಅಣ್ಣನ ಕಡೆ ತಿರುಗಿದರು. "ಇವರ ಮೂರು ತಿಂಗಳ ಸರಾಸರಿ ಶುಗರ್, ಆ ಎಚ್‌ಬಿಎ1ಸಿ ಟೆಸ್ಟ್, ಎಷ್ಟಿತ್ತು?"

"ಮೊದಲು ಒಂಬತ್ತೂವರೆ. ಹೋದ ವಾರ ನೋಡಿದಾಗ ಎಂಟು."

"ಹಾಗಾದ್ರೆ ಅವರ ಔಷಧಿ ಕೆಲಸ ಮಾಡ್ತಾನೇ ಇತ್ತಲ್ಲ!"

ಅಣ್ಣ ನನ್ನ ಮುಖ ನೋಡಿದ. ಆ ನೋಟವನ್ನು ನಾನು ಮರೆಯಲಾರೆ.

ಐದು ದಿನ ಅತ್ತಿಗೆ ಆಸ್ಪತ್ರೆಯಲ್ಲಿದ್ದರು. ಜೀವ ಉಳಿಯಿತು, ಕಿಡ್ನಿಯೂ ಮೆಲ್ಲಗೆ ಚೇತರಿಸಿಕೊಂಡಿತು. ಕೆಲವು ವಾರ ಬಿಟ್ಟು ಡಾಕ್ಟರೇ ಅವರ ಹಳೆಯ ಇಂಜೆಕ್ಷನ್ನನ್ನು ಸಣ್ಣ ಪ್ರಮಾಣದಿಂದ ಮತ್ತೆ ಶುರು ಮಾಡಿದರು, ಶುಗರ್ ಮಾತ್ರೆಯನ್ನೂ ಕಡಿಮೆ ಮಾಡಿದರು. ಮೊನ್ನೆ ಹೋದಾಗ ಅತ್ತಿಗೆ ನನ್ನ ಕೈ ಹಿಡಿದು, "ನಾನೇ ಕೇಳಿದ್ದಲ್ವಾ, ತಪ್ಪು ನಂದೂ ಇದೆ. ಇನ್ನು ಡಾಕ್ಟರು ಹೇಳದೆ ಏನೂ ಮುಟ್ಟಲ್ಲ," ಅಂದರು. ಅಣ್ಣ ಕಾಫಿ ತಂದು, "ಕುಡಿ," ಅಂದ. ಒಂದು ತಿಂಗಳ ಮೇಲೆ ಅವನು ನನ್ನ ಜೊತೆ ಮಾತಾಡಿದ್ದು ಅವತ್ತೇ.

ಅಕ್ಕಂದಿರೇ, ಅಣ್ಣಂದಿರೇ, ಈ ಇಂಜೆಕ್ಷನ್ ಕೆಟ್ಟದ್ದಲ್ಲ. ಆದರೆ ಯಾರಿಗೆ ಯಾವುದು, ಎಷ್ಟು ಅಂತ ಹೇಳಬೇಕಾದವರು ಡಾಕ್ಟರು. ನಿಮ್ಮ ಬೇರೆ ಮಾತ್ರೆಗಳು, ಗರ್ಭಿಣಿಯಾಗಿದ್ದರೆ ಅದು, ಮನೆಯಲ್ಲಿ ಯಾರಿಗಾದರೂ ಥೈರಾಯ್ಡ್ ಕ್ಯಾನ್ಸರ್ ಆಗಿದ್ದರೆ ಅದು, ಎಲ್ಲವನ್ನೂ ಮೊದಲೇ ಅವರಿಗೆ ಹೇಳಿ. ಬಿಡದ ವಾಂತಿ, ಬೆನ್ನಿಗೆ ಹಬ್ಬುವ ಹೊಟ್ಟೆನೋವು ಬಂದರೆ ಕೂಡಲೇ ಆಸ್ಪತ್ರೆಗೆ ಓಡಿ. ಪಕ್ಕದ ಮನೆಯವರು ಎಷ್ಟು ಪ್ರೀತಿಯಿಂದ ಕೊಟ್ಟರೂ ಅವರ ಇಂಜೆಕ್ಷನ್ ಮಾತ್ರ ಬೇಡ ಅನ್ನಿ.