ನಡೆದು ಬಂದ ಹಾಲು

"ಒಂದ್ಸಲ ಕುಂತು ನೋಡಬಾರ್ದಾ ಬಾವಾ? ಕುಂತ್ರೆ ಏನ್ ಕಚ್ತದಾ?" ಎಂದ ಬಚ್ಚಪ್ಪ.

ಅಶ್ವತ್ಥಪ್ಪ ಕೂರಲಿಲ್ಲ. ರಾಬರ್ಟ್‌ಸನ್‌ಪೇಟೆಯ ಕುಪ್ಪುಸ್ವಾಮಿಯ ಶೆಡ್ಡಿನಲ್ಲಿ ಅವನ ಎಡಕ್ಕೊಂದು ಸ್ಕೂಟರು, ಬಲಕ್ಕೊಂದು ಮೋಟಾರ್ ಬೈಕು ನಿಂತಿದ್ದವು. ಎರಡೂ ಯಾರೋ ಓಡಿಸಿ ಕೈಬಿಟ್ಟವು. ಕುಪ್ಪುಸ್ವಾಮಿ ಎರಡನ್ನೂ ಬಿಚ್ಚಿ, ತೊಳೆದು, ಬಣ್ಣ ಹೊಡೆದು ಬಾಗಿಲ ಬೆಳಕಿಗೆ ತಂದು ನಿಲ್ಲಿಸಿದ್ದ. ಅಶ್ವತ್ಥಪ್ಪ ಕೈ ಹಿಂದೆ ಕಟ್ಟಿಕೊಂಡು, ಎತ್ತಿನ ಹಲ್ಲು ನೋಡಲು ಬಂದವನ ಗಾಂಭೀರ್ಯದಲ್ಲಿ ಎರಡನ್ನೂ ಸುತ್ತಿ ಬಂದ. ಆಮೇಲೆ ಬಗ್ಗಿ ಸ್ಕೂಟರಿನ ಗಾಲಿಯನ್ನು ಗೇಣಿನಲ್ಲಿ ಅಳೆದ.

"ಗಾಲಿ ಸಣ್ಣದು. ನಮ್ಮ ರಸ್ತೇಲಿ ಇರೋ ಗುಂಡಿಗಳು ಇದಕ್ಕಿಂತ ದೊಡ್ಡವು."

"ಅದಕ್ಕೇ ಬೈಕ್ ತಗಾ ಅಂತ ಬಡ್ಕೊಳ್ತಿರೋದು," ಎಂದ ಬಚ್ಚಪ್ಪ. ಅವನು ಸ್ವತಃ ಬೈಕಿನವನು. ಅಶ್ವತ್ಥಪ್ಪನ ಹೆಂಡತಿಯ ತಮ್ಮನೆಂಬ ಸಲಿಗೆ ಬೇರೆ.

"ಬೈಕಿಗೆ ಕ್ಯಾನು ಎಲ್ಲಿ ನೇತಾಕ್ಲಿ? ಎಡಗಡೆ ನಿಮ್ಮಕ್ಕ ಕಾಲು ಇಳಿಬಿಡ್ತಾಳೆ. ಬಲಗಡೆ ಸೈಲೆನ್ಸರು. ಮನೆಯಿಂದ ತಗೊಂಡ್ ಓಗಿದ್ದು ಆಲು, ಪೇಟೆ ಮುಟ್ಟೋ ಒತ್ತಿಗೆ ಪಾಯಸ."

ಕುಪ್ಪುಸ್ವಾಮಿಗೆ ಖುಷಿಯಾಯಿತು. ಅವನದು ಸ್ಕೂಟರ್ ಪಕ್ಷ. "ಅಣ್ಣಾ, ನೀವು ಹಾಲು ಹಾಕೋರಾ, ಇಂಜಿನಿಯರಾ? ಸ್ಕೂಟರೇ ಸರಿ. ಮುಂದೆ ಕಾಲ್ ಹತ್ರ ಕ್ಯಾನ್ ಇಡಿ, ಹಿಂದೆ ಅಮ್ಮ ಜಮ್ಮಂತ ಕೂತ್ಕೋತಾರೆ. ಸ್ಟೆಪ್ನಿ ಬೇರೆ ಇದೆ."

"ಕಾಲ್ತಾವ ಕ್ಯಾನ್ ಇಟ್ರೆ ಬ್ರೇಕು ಯಾವ ಕಾಲಲ್ಲಿ ತುಳಿಯೋದು ಸ್ವಾಮಿ?"

ಕುಪ್ಪುಸ್ವಾಮಿ ಸ್ಕೂಟರನ್ನು ಹೊಸದಾಗಿ ನೋಡುವವನಂತೆ ನೋಡಿದ. "ಅದು... ಅಡ್ಜಸ್ಟ್ ಮಾಡ್ಬೇಕು."

ಈ ವಿಚಾರಣೆ ಯುಗಾದಿಯಿಂದ ನಡೆದಿತ್ತು. ಬೈಕಿನ ಮಾತು ಗೆಲ್ಲುವಂತೆ ಕಂಡಾಗ ಅಶ್ವತ್ಥಪ್ಪ ಸ್ಕೂಟರಿನ ಪರ ಒಂದು ಮಾತೆತ್ತುತ್ತಿದ್ದ. ಸ್ಕೂಟರು ಮೇಲೆ ಬಂದರೆ ಬೈಕಿನ ಪರ. ಹೀಗೆ ಎರಡನ್ನೂ ತಕ್ಕಡಿಯಲ್ಲಿ ಸಮನಾಗಿ ತೂಗಿಸಿಕೊಂಡು ಬಂದಿದ್ದನ್ನು ಊರವರು ಅವನ ದೂರಾಲೋಚನೆ ಎಂದು ತಿಳಿದಿದ್ದರು. ನಿಜ ಇಷ್ಟೇ: ಅಶ್ವತ್ಥಪ್ಪನಿಗೆ ಸೈಕಲ್ಲೇ ಬರುತ್ತಿರಲಿಲ್ಲ.

ಅವನಲ್ಲಿ ಸೈಕಲ್ ಇರಲಿಲ್ಲವೆಂದಲ್ಲ. ಇಪ್ಪತ್ತು ವರ್ಷದಿಂದ ಅದರ ಎರಡೂ ಬದಿ ಹಾಲಿನ ಕ್ಯಾನು ನೇತುಹಾಕಿಕೊಂಡು ತಿಮ್ಮಸಂದ್ರದಿಂದ ಆಂಡರ್ಸನ್‌ಪೇಟೆಗೆ ದಿನವೂ ಬರುತ್ತಿದ್ದ — ತಳ್ಳಿಕೊಂಡು. ಮೊದಲ ವರ್ಷ ಯಾರೋ ಕಾರಣ ಕೇಳಿದ್ದರು. "ತುಳಿದ್ರೆ ಆಲು ಕುಲುಕ್ತದೆ. ಕುಲುಕಿದ ಆಲು ಕಾಯ್ಸಿದ್ರೆ ಕೆನೆ ಕಟ್ಟಲ್ಲ," ಎಂದುಬಿಟ್ಟ. ಬಾಯಿಗೆ ಬಂದ ಸುಳ್ಳು. ಆದರೆ ಆಂಡರ್ಸನ್‌ಪೇಟೆಯ ಗೃಹಿಣಿಯರು ಅದನ್ನು ಹಿಡಿದುಕೊಂಡರು. ಅವನ ಹಾಲಿಗೆ "ನಡೆದು ಬಂದ ಹಾಲು" ಎಂದು ಹೆಸರಾಯಿತು. ಸೈಕಲ್ ತುಳಿದು ಬರುವ ಹಾಲಿನವರ ಕ್ಯಾನು ಕಂಡರೆ ಕೆಲವರು ಮೂಗು ಮುರಿಯತೊಡಗಿದರು. ಪಾಪದ ಒಂದಿಬ್ಬರು ತಾವೂ ಇಳಿದು ತಳ್ಳತೊಡಗಿದರು. ಹೀಗೆ ಬೇರೂರಿದ ಸುಳ್ಳನ್ನು ಈಗ ಕೀಳುವುದೆಂದರೆ ಮನೆಯ ನಡುಗಂಬ ಕಿತ್ತ ಹಾಗೆ.

ಕೆಡಿಸಿದ್ದು ಸೀಮೆಹಸುಗಳು. ಒಂದಿದ್ದದ್ದು ಮೂರಾಗಿ, ಹಾಲು ಸೈಕಲ್ಲಿಗೆ ಹಿಡಿಸದಾಯಿತು. ಕಾಮಸಮುದ್ರದ ಕಡೆಯಿಂದ ಮೊದಲ ಬಸ್ಸು ಬರುವ ಹೊತ್ತಿಗೆ ಪೇಟೆಯವರ ಕಾಫಿ ಮುಗಿದಿರುತ್ತಿತ್ತು. ಹಾಗಾಗಿ ವರ್ಷದಿಂದೀಚೆಗೆ ಹೆಂಡತಿ ಮುನಿರತ್ನಮ್ಮನೂ ತಲೆಯ ಮೇಲೊಂದು ಕ್ಯಾನು, ಕಂಕುಳಲ್ಲಿ ಮೊಸರಿನ ಗಡಿಗೆ ಇಟ್ಟುಕೊಂಡು ಕತ್ತಲಿರುವಾಗಲೇ ಸೈಕಲ್ಲಿನ ಹಿಂದೆ ಹೊರಡುತ್ತಿದ್ದಳು. ಪೇಟೆ ಮುಟ್ಟಿ ಕ್ಯಾನು ಇಳಿಸಿದ ಮೇಲೆ ಅವಳು ಕತ್ತನ್ನು ಎರಡೂ ಕೈಯಲ್ಲಿ ಹಿಡಿದು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ತಿರುಗಿಸಿ ನೋಡುತ್ತಿದ್ದುದು ಅಶ್ವತ್ಥಪ್ಪನ ಕಣ್ಣಿಗೆ ಬಿದ್ದಿತ್ತು. ಗಾಡಿ ಬೇಕು ಎಂದು ಮೊದಲು ಬಾಯಿಬಿಟ್ಟವನು ಅವನೇ.

"ಆಯ್ತು ಬಾವಾ, ಇನ್ನು ಸಾಕು," ಎಂದ ಬಚ್ಚಪ್ಪ. "ಬರೋ ಸೋಮವಾರ ಗಾಡಿಪೂಜೆ ಅಂತ ಮುನೇಶ್ವರನ ಗುಡಿ ಪೂಜಾರಿಗೆ ಏಳಿಬಿಟ್ಟಿದೀನಿ. ಅಷ್ಟ್ರೊಳಗೆ ಇದೋ ಅದೋ ಏಳು. ನೀನು ಏಳ್ದೇ ಇದ್ರೆ ನಾನೇ ಬೈಕು ತಂದು ನಿಲ್ಲಿಸ್ತೀನಿ."

ಅಶ್ವತ್ಥಪ್ಪ ಎರಡೂ ಗಾಡಿಗಳಿಂದ ಒಂದು ಹೆಜ್ಜೆ ಹಿಂದೆ ಸರಿದ. ತಿಮ್ಮಸಂದ್ರದಲ್ಲಿ ಗಾಡಿಪೂಜೆಯೆಂದರೆ ಹಾರ ಹಾಕಿ ಕಾಯಿ ಒಡೆದು ಮುಗಿಯುವಂಥದ್ದಲ್ಲ. ಗಾಡಿ ಯಾರದೋ ಅವನೇ, ಹೆಂಡತಿಯನ್ನು ಕೂರಿಸಿಕೊಂಡು, ನಿಂಬೆಹಣ್ಣಿನ ಮೇಲೆ ಗಾಲಿ ಹತ್ತಿಸಿ, ನೆಲಕ್ಕೆ ಕಾಲೂರದೆ ಗುಡಿಯನ್ನು ಮೂರು ಸುತ್ತು ಬರಬೇಕು. ಕಾಲೂರಿದರೆ ಗಾಡಿ ಮುಂದೆ ರಕ್ತ ಕೇಳುತ್ತದೆ. ಬೇರೆಯವನು ಓಡಿಸಿದರೆ ಗಾಡಿ ಅವನದಾಗುತ್ತದೆ. ದೊಡ್ಡವೆಂಕಟಪ್ಪ ಟ್ರ್ಯಾಕ್ಟರು ತಂದ ದಿನ ಡ್ರೈವರನಿಂದ ಸುತ್ತಿಸಿದ್ದಕ್ಕೆ, ಡ್ರೈವರು ಕೆಲಸ ಬಿಟ್ಟು ಹೋದಮೇಲೂ ಜನ ಅದನ್ನು ಡ್ರೈವರನ ಟ್ರ್ಯಾಕ್ಟರೆಂದೇ ಕರೆಯುತ್ತಿದ್ದರು. ಊರೆಲ್ಲ ನೋಡುತ್ತಿರುವಾಗ ತಾನು ಬೀಳುವುದು ಒಂದು. ಹಿಂದೆ ಕೂತ ಮುನಿರತ್ನಮ್ಮನನ್ನೂ ಕೆಡವಿ, ಅವಳ ಸೊಂಟವೋ ಕೈಯೋ ಮುರಿದರೆ?

ಶುಕ್ರವಾರ ಮಧ್ಯಾಹ್ನ ಅವನು ಯಾರಿಗೂ ಹೇಳದೆ ಸೈಕಲ್ಲನ್ನು ಬತ್ತಿದ ಕೆರೆಯಂಗಳಕ್ಕೆ ತಳ್ಳಿಕೊಂಡು ಹೋದ. ಐವತ್ತು ದಾಟಿದ ಗಂಡಸು, ಪಂಚೆ ಎತ್ತಿ ಕಟ್ಟಿ, ಮುನೇಶ್ವರನನ್ನು ನೆನೆದು, ಏರಿಯ ಇಳಿಜಾರಿನಲ್ಲಿ ಮೊಟ್ಟಮೊದಲ ಬಾರಿಗೆ ತನ್ನದೇ ಸೈಕಲ್ಲಿನ ಮೇಲೆ ಕೂತ. ಸೈಕಲ್ಲು ಇಪ್ಪತ್ತು ವರ್ಷದ ಋಣವನ್ನು ಲೆಕ್ಕಿಸದೆ ಅವನನ್ನು ನೇರ ಜಾಲಿಮೆಳೆಗೆ ಕೊಂಡೊಯ್ದು ಬಿಟ್ಟಿತು.

ಸಂಜೆ ಮುನಿರತ್ನಮ್ಮ ಅವನನ್ನು ಜಗಲಿಯ ಮೇಲೆ ಬೋರಲು ಮಲಗಿಸಿ ಪಿನ್ನಿನಿಂದ ಬೆನ್ನಿನ ಮುಳ್ಳು ತೆಗೆದಳು.

"ಏನಾಯ್ತು?"

"ಮಚ್ಚೆ ಹಸು ಎಳ್ಕೊಂಡ್ ಓಯ್ತು."

ಮಚ್ಚೆ ಹಸು ತುಂಬಿದ ಗಬ್ಬ. ಮೂರು ದಿನದಿಂದ ಕೊಟ್ಟಿಗೆ ಬಿಟ್ಟು ಕದಲಿರಲಿಲ್ಲ. ಈಗಲೂ ಅಲ್ಲೇ ಮಲಗಿ ಮೆಲುಕು ಹಾಕುತ್ತಿತ್ತು. ಮುನಿರತ್ನಮ್ಮ ಹಸುವಿನ ಕಡೆ ನೋಡಿದಳು. ಗೋಡೆಗೆ ಒರಗಿದ್ದ ಸೈಕಲ್ಲಿನ ಕಡೆಯೂ ನೋಡಿದಳು. ಅದರ ಹ್ಯಾಂಡಲ್ಲು ಒಂದು ದಿಕ್ಕಿಗಿತ್ತು, ಮುಂದಿನ ಗಾಲಿ ಇನ್ನೊಂದು ದಿಕ್ಕಿಗೆ, ಕಡ್ಡಿಗಳ ನಡುವೆ ಜಾಲಿಯ ಟೊಂಗೆ.

"ಆ ಹಸೂಗೆ ಇನ್ನೂ ಗಟ್ಟಿ ಅಗ್ಗ ಆಕ್ಬೇಕು," ಎಂದಳು. ಉಳಿದ ಮುಳ್ಳು ತೆಗೆದಳು. ಮರುದಿನ ಬೆಳಿಗ್ಗೆ ಹಾಲು ಹಾಕಿ ಮುಗಿದ ಮೇಲೆ, "ನಾನೂ ಗಾಡಿ ನೋಡ್ತೀನಿ, ನಡೀರಿ," ಎಂದು ಹೊರಟುಬಂದಳು.

ಶೆಡ್ಡಿನಲ್ಲಿ ಬಚ್ಚಪ್ಪ ಆಗಲೇ ಬೈಕಿನ ಮೇಲೆ ಕೂತಿದ್ದ. ಮುನಿರತ್ನಮ್ಮ ಬೈಕನ್ನು ನೋಡಿದಳು, ಸ್ಕೂಟರನ್ನು ನೋಡಿದಳು. ಹೆಚ್ಚು ಹೊತ್ತು ನೋಡಿದ್ದು ಮಾತ್ರ ಮೂಲೆಯಲ್ಲಿ ಗೋಣಿತಾಟಿನಡಿ ಇದ್ದ ಒಂದು ವಸ್ತುವನ್ನು. ದೋಣಿಯ ಮೂತಿ, ಅಡಿಯಲ್ಲೊಂದು ಗಾಲಿ, ಒಳಗೊಂದು ಕೋಳಿ.

"ಅದೇನದು ಕುಪ್ಪುಸ್ವಾಮಿ?"

"ಸೈಡ್‌ಕಾರ್ ಅಮ್ಮಾ. ಸ್ಕೂಟರ್ ಪಕ್ಕಕ್ಕೆ ಹಾಕೋದು. ಮೈನ್ಸ್ ಫೋರ್‌ಮನ್ ಒಬ್ರು ಅವರ ತಾಯೀನ ಅದ್ರಲ್ಲಿ ಕೂರಿಸ್ಕೊಂಡು ಚರ್ಚಿಗೆ ಹೋಗ್ತಿದ್ರು. ತಾಯಿ ಹೋದ್ರು, ಅವರು ಬಿಚ್ಚಿಸಿ ಬಿಟ್ಟೋದ್ರು. ಈಗ ಮೊಟ್ಟೆ ಇಡೋಕೆ ಆಗಿದೆ."

"ಅದನ್ನ ಆಕು."

ಒಳಗಿದ್ದ ಕೋಳಿ ಗೊಣಗಿತು.

"ಅಕ್ಕಾ!" ಎಂದ ಬಚ್ಚಪ್ಪ ಬೈಕಿನಿಂದ ಇಳಿದು. "ತಲೆ ಕೆಟ್ಟಿದೆಯಾ? ಅದ್ರಾಗೆ ಕುಂತ್ಕೊಂಡ್ ಓದ್ರೆ ಊರೋರು ತೊಟ್ಲಾಗೆ ಮುದುಕಿ ಅಂತಾರೆ!"

"ಅನ್ಲಿ ಕಣ್ಲಾ. ಅಂದ್ಕೊಂಡೇ ಇಂದ್ಗಡೆ ನಡ್ಕೊಂಡ್ ಬರ್ಲಿ."

"ಬಾವನ ಮರ್ಯಾದೆ?"

"ನನ್ ಜೀವ? ಒಂದ್ ಕಡೆ ಕಾಲು ಇಳಿಬಿಟ್ಕೊಂಡು ಇಂದೆ ಕುಂತ್ರೆ ನಂಗೆ ತಲೆ ತಿರುಗ್ತದೆ. ಭಯ. ಅದು ಇದ್ರೆ ಬತ್ತೀನಿ. ಇಲ್ದಿದ್ರೆ ಕ್ಯಾನು ಒತ್ಕೊಂಡು ಇಂಗೇ ನಡೀತೀನಿ, ನಿಮ್ಮ ಗಾಡಿ ನೀವೇ ಇಟ್ಕಳಿ."

ಬಾವಿಗೆ ಇಳಿದು ಕೊಡ ತೆಗೆದವಳು, ಕರು ಹಾಕುವಾಗ ಒದೆಯುವ ಹಸುವಿನ ಕಾಲಡಿ ಕೂತವಳು, ಹುಣಿಸೆಮರದ ತುದಿಗೆ ಹತ್ತಿ ಹಣ್ಣು ಬಡಿದವಳು. ಅವಳ ಬಾಯಲ್ಲಿ ಭಯವೆಂಬ ಮಾತು ಕೇಳಿ ಅಶ್ವತ್ಥಪ್ಪ ಅವಳ ಮುಖ ನೋಡಿದ. ಅವಳು ಕೋಳಿಯನ್ನು ಎತ್ತಿ ಕೆಳಗೆ ಬಿಡುವುದರಲ್ಲಿ ಮಗ್ನಳಾಗಿದ್ದಳು.

ಆಗ ಅವನಿಗೆ ಒಂದು ಅನುಮಾನ ಬಂತು. ಗಂಟಲು ಸರಿಮಾಡಿಕೊಂಡ.

"ಸ್ವಾಮಿ, ಇದು ಆಕಿದ್ಮೇಲೆ... ನಿಲ್ಸಿದಾಗ ಕಾಲು ಊರ್ಬೇಕಾ?"

"ಯಾತಕ್ಕೆ ಅಣ್ಣಾ? ಮೂರು ಗಾಲಿ. ನೀವು ಮೇಲೆ ಮಲ್ಕೊಂಡ್ರೂ ನಿಂತಿರುತ್ತೆ."

"ನಿಧಾನಕ್ಕೆ ಓದ್ರೆ?"

"ಎಮ್ಮೆ ಥರ ಹೋಗುತ್ತೆ."

"ವಾಲೋದು?"

"ಅದಕ್ಕೆ ವಾಲೋದೇ ಗೊತ್ತಿಲ್ಲ ಅಣ್ಣಾ."

ಯುಗಾದಿಯಿಂದೀಚೆಗೆ ಮೊದಲ ಬಾರಿ ಅಶ್ವತ್ಥಪ್ಪನ ಪ್ರಶ್ನೆಗಳು ಮುಗಿದವು. ಅವನು ಹೋಗಿ ಸ್ಕೂಟರಿನ ಮೇಲೆ ಕೂತ.

ಮಧ್ಯಾಹ್ನದ ಹೊತ್ತಿಗೆ ಸೈಡ್‌ಕಾರ್ ಬಿಗಿದು, ಚಿನ್ನದ ಗಣಿಯವರು ಮರಳು ಸುರಿದು ಎದ್ದ ಸೈನೈಡ್ ದಿಬ್ಬದ ಕೆಳಗಿನ ಬಯಲಿಗೆ ತಂದರು. ಮೊದಲು ಬಚ್ಚಪ್ಪ ಹತ್ತಿದ. ಹುಟ್ಟಾ ಬೈಕು ಓಡಿಸುವವನು. ತಿರುವಿಗೆ ಮೈ ವಾಲಿಸಿದ. ಗಾಡಿ ವಾಲಲಿಲ್ಲ, ತಿರುಗಲೂ ಇಲ್ಲ. ಇನ್ನಷ್ಟು ವಾಲಿಸಿದ. ಭಯವಾದಾಗ ಅವನಿಗೆ ತೆಲುಗೇ ಬರುತ್ತಿತ್ತು, "ತಪ್ಪುಕೋಂಡಿ! ತಪ್ಪುಕೋಂಡಿ!" ಎಂದು, ಎದುರು ಯಾರೂ ಇಲ್ಲದ ಬಯಲಿಗೆ ದಾರಿ ಬಿಡಲು ಕೂಗುತ್ತಾ ಹೋಗಿ ದಿಬ್ಬದ ಬಿಳಿ ಮರಳಿಗೆ ಮೂತಿ ಊರಿಸಿ ನಿಲ್ಲಿಸಿದ. ಮೇಲಿನಿಂದ ಇಳಿದ ಮರಳು ಅವನ ಮೀಸೆಯನ್ನು ನೆರೆಸಿತು.

"ಇದು ಗಾಡಿ ಅಲ್ಲ, ದೆವ್ವ!" ಎಂದ ಉಗುಳುತ್ತಾ.

ಆಮೇಲೆ ಅಶ್ವತ್ಥಪ್ಪ. ಕುಪ್ಪುಸ್ವಾಮಿ ಹಿಂದೆ ಕೂತು ಕ್ಲಚ್ಚು, ಗೇರು ಹೇಳಿಕೊಟ್ಟ. ಇಂಜಿನ್ ಕೆಮ್ಮಿ ನಿಂತಿತು, ಮತ್ತೆ ನಿಂತಿತು. ಮತ್ತೊಮ್ಮೆ ಹೊರಟಾಗ ನಿಲ್ಲಲಿಲ್ಲ. ವಾಲುವ ಅಭ್ಯಾಸವೇ ಇಲ್ಲದ ಅಶ್ವತ್ಥಪ್ಪ ಕಂಬದಂತೆ ನೆಟ್ಟಗೆ ಕೂತು, ಇಪ್ಪತ್ತು ವರ್ಷ ಪಕ್ಕದಲ್ಲಿ ನಡೆದು ಸೈಕಲ್ಲಿನ ಹ್ಯಾಂಡಲ್ಲು ತಿರುಗಿಸಿದ ಹಾಗೆಯೇ ಇದನ್ನೂ ಎರಡು ಕೈಯಲ್ಲಿ ಹಿಡಿದು ಬೇಕಾದ ಕಡೆಗೆ ತಿರುಗಿಸಿದ. ಗಾಡಿ ಹೇಳಿದ ಮಾತು ಕೇಳಿತು. ಬಯಲನ್ನು ಒಂದು ಸುತ್ತು ಬಂದ. ಇನ್ನೊಂದು ಬಂದ. ಯಾರೂ ಹೇಳದೆ ಮತ್ತೊಂದು ಬಂದ. ಅವನ ಮುಖದಲ್ಲಿ ಏನೂ ಕಾಣಲಿಲ್ಲ. ಕಿವಿಗಳು ಮಾತ್ರ ಕೆಂಪಗಾಗಿದ್ದವು.

"ಎನ್ನಣ್ಣಾ ಇದು!" ಕುಪ್ಪುಸ್ವಾಮಿ ಇಳಿದವನೇ ಅವನನ್ನು ತಲೆಯಿಂದ ಕಾಲವರೆಗೆ ನೋಡಿದ. "ಗಾಡಿ ಬರೋರಿಗೆ ಇದು ಬರೋದಿಲ್ಲ. ಸೈಕಲ್ ತುಳಿಯೋ ಮೈ ತಾನಾಗೇ ವಾಲುತ್ತೆ. ನಂಗೇ ಒಂದು ವಾರ ಬೇಕಾಯ್ತು. ನಿಮಗೆ ಮಾತ್ರ ಹೆಂಗೆ..."

ಅಶ್ವತ್ಥಪ್ಪ ಇಳಿದು, ಬಗ್ಗಿ ಮೂರನೆಯ ಗಾಲಿಯನ್ನು ಗೇಣಿನಲ್ಲಿ ಅಳೆಯತೊಡಗಿದ.

"ಆಲಿನ ಅಭ್ಯಾಸ," ಎಂದಳು ಮುನಿರತ್ನಮ್ಮ ಸೆರಗಿನಿಂದ ಸೀಟು ಒರೆಸುತ್ತಾ. "ಕ್ಯಾನು ವಾಲಿದ್ರೆ ಚೆಲ್ಲಲ್ವಾ?"

ಕುಪ್ಪುಸ್ವಾಮಿ ತಲೆದೂಗಿದ. ಅದು ಅವನಿಗೆ ಒಪ್ಪಿಗೆಯಾಯಿತು. ಆದರೆ ಅವನ ಮನೆಗೂ ಇವರದೇ ಹಾಲು. "ಅಮ್ಮಾ, ಇಷ್ಟು ದಿವಸ ನಡ್ಕೊಂಡು ಬರ್ತಿತ್ತು ಹಾಲು. ಇನ್ಮೇಲೆ ಕೆನೆ ಕಟ್ಟುತ್ತಾ?"

"ಇನ್ಮೇಲೆ ಕುಂತ್ಕೊಂಡ್ ಬತ್ತದೆ. ದಪ್ಪಗೆ ಕಟ್ತದೆ."

ಸೋಮವಾರ ಪೂಜಾರಿಗೆ ಮೂರನೆಯ ಗಾಲಿಯ ಬಗ್ಗೆ ಶಾಸ್ತ್ರವೇನೆಂದು ತಿಳಿಯಲಿಲ್ಲ. ಸ್ವಲ್ಪ ಯೋಚಿಸಿ ಇನ್ನೊಂದು ನಿಂಬೆಹಣ್ಣು ತರಿಸಿದ. ಮೂರೂ ಒಡೆದವು. ಅಶ್ವತ್ಥಪ್ಪ ಕಾಲೂರದೆ ಸುತ್ತು ಮುಗಿಸಿದ. ಕಟ್ಟೆಯ ಮೇಲಿದ್ದ ಚಿಕ್ಕವೆಂಕಟಮ್ಮ, "ಮುನಿರತ್ನಾ, ತೊಟ್ಲು ಕಟ್ಟಿದ್ದಾಯ್ತು, ಜೋಗುಳ ಯಾವಾಗ್ಲೇ?" ಎಂದು ಕೂಗಿದಳು. ಎಲ್ಲರೂ ನಕ್ಕರು. ಅಶ್ವತ್ಥಪ್ಪ ಎಲ್ಲರಿಗಿಂತ ಜೋರಾಗಿ, ಎಲ್ಲರೂ ನಿಲ್ಲಿಸಿದ ಮೇಲೂ ನಗುತ್ತಿದ್ದ. ಇದೇನು ಇಷ್ಟು ನಗು ಎಂದು ಬಚ್ಚಪ್ಪ ಅವನನ್ನು ತಿರುಗಿ ನೋಡಿದ.

ಮರುದಿನ ಎರಡು ಕ್ಯಾನು ಹಿಂದಿನ ಸೀಟಿಗೆ ಬಿಗಿದು, ಕಾಲುಗಳ ಪಕ್ಕ ಇನ್ನೊಂದು, ಮಡಿಲಲ್ಲಿ ಗಡಿಗೆ ಇಟ್ಟುಕೊಂಡು ಮುನಿರತ್ನಮ್ಮ ಸೈಡ್‌ಕಾರಿನಲ್ಲಿ ಕೂತಳು. ಊರು ದಾಟಿದ ಮೇಲೆ ಹೊಲಗಳ ಮೇಲೆ ತೆಳ್ಳಗೆ ಬೆಳಕು ಬಂತು. ಅಶ್ವತ್ಥಪ್ಪ ಗುಂಡಿಗಳನ್ನು ಒಂದೊಂದಾಗಿ ತಪ್ಪಿಸುತ್ತಾ, ಅವಳನ್ನು ಒಂದು ಮಾತು ಕೇಳಬೇಕೆಂದು ಅದನ್ನು ಬಾಯಲ್ಲಿ ಕೂಡಿಸಿಕೊಳ್ಳುತ್ತಾ ಬಹಳ ದೂರ ಬಂದ. ಕೊನೆಗೆ, "ಏನಮ್ಮೀ, ನಿಂಗೆ ನಿಜವಾಗ್ಲೂ ಭಯ..." ಎಂದು ಎಡಕ್ಕೆ ನೋಡಿದ.

ಮುನಿರತ್ನಮ್ಮ ಕತ್ತನ್ನು ಸೀಟಿನ ಅಂಚಿಗೆ ಒರಗಿಸಿ, ಬಾಯಿ ತುಸು ತೆರೆದು, ಗಡಿಗೆಯನ್ನು ತಬ್ಬಿಕೊಂಡು ನಿದ್ದೆಹೋಗಿದ್ದಳು.

ಅವನು ಗೇರು ಇಳಿಸಿದ. ಹಿಂದಿನಿಂದ ಸೊಪ್ಪಿನ ಮೂಟೆ ಹೇರಿದ ಸೈಕಲ್ಲಿನವನೊಬ್ಬ ಗಂಟೆ ಬಾರಿಸುತ್ತಾ, ದಾರಿ ಕೇಳುತ್ತಾ ಬಂದ. ಅಶ್ವತ್ಥಪ್ಪ ಬದಿಗೆ ಸರಿದು, ಹ್ಯಾಂಡಲ್ಲಿನಿಂದ ಎಡಗೈಯನ್ನು ಪೂರ್ತಿ ಎತ್ತಿ, ಸದ್ದು ಮಾಡಬೇಡವೆಂದು ಅವನಿಗೆ ಸನ್ನೆ ಮಾಡಿದ.