ವೇತಾಳ ಟೇಕಡಿಯ ಗೂಬೆಮೊಟ್ಟೆಗಳು

ಹಾಲಿನವನ ಮುಖ ನೋಡಿಯೇ ಹಾಲಿಗೆ ಎಷ್ಟು ನೀರು ಬಿದ್ದಿದೆ ಎಂದು ಹೇಳಬಲ್ಲೆ ಎಂಬ ಜಂಬ ನನ್ನದು. ಹೀಗಾಗಿ ಗೂಬೆಯ ಗೂಡಿನಿಂದ ಒಂದು ಮೊಟ್ಟೆ ಕಾಣೆಯಾದಾಗ ಕಳ್ಳ ಯಾರೆಂದು ಗೊತ್ತುಮಾಡಲು ನನಗೆ ಅರ್ಧ ಗಳಿಗೆ ಸಾಕಾಯಿತು.

೧೯೩೬ರ ಚಳಿಗಾಲದ ಮಾತು. ನಾನೂ ಗೆಳೆಯ ಅವಧೂತನೂ ಧಾರವಾಡ ಬಿಟ್ಟು ಪುಣೆ ಸೇರಿದವರು. ನಾನು ಕಚೇರಿಯ ಗುಮಾಸ್ತ, ಅವನು ಶಾಲೆಯ ಡ್ರಾಯಿಂಗ್ ಮಾಸ್ತರ. ಹನ್ನೆರಡು ವರ್ಷದಿಂದ ಪ್ರತಿ ರವಿವಾರ ಬೆಳಗಾಗುವ ಮೊದಲೇ ವೇತಾಳ ಟೇಕಡಿ ಎಂಬ ಗುಡ್ಡ ಹತ್ತಿ, ಮುತ್ತುಗದ ಗಿಡಗಳ ನಡುವೆ ಹಾದು, ಹಿಂಬದಿಯ ಕಡಿದಾದ ಬಂಡೆಗಳ ಅಂಚಿನಲ್ಲಿ ನಡೆಯುತ್ತ ಹಕ್ಕಿ, ನರಿ, ಮುಂಗುಸಿ ನೋಡುವುದು ನಮ್ಮ ಹುಚ್ಚು. ಆ ವರ್ಷ ಬಂಡೆಯ ಒಂದು ಚಾಚಿನ ಮೇಲೆ ಕೊಂಬಿನ ಗೂಬೆ ನಾಲ್ಕು ಮೊಟ್ಟೆ ಇಟ್ಟಿತ್ತು. ಬರಿ ಕಲ್ಲಿನ ಮೇಲೆ, ಒಂದು ಕಡ್ಡಿಯ ಆಸರೆಯೂ ಇಲ್ಲದೆ. ಮರಿಗಳನ್ನು ನೋಡುವ ಆಸೆ ನಮ್ಮಿಬ್ಬರಿಗೂ ವಿಪರೀತವಾಗಿತ್ತು.

ಮುಂದಿನ ರವಿವಾರ ನೋಡಿದರೆ ಮೂರೇ ಇದ್ದವು. ಅವಧೂತನ ಮೇಲೆ ಅನುಮಾನಪಡಲು ಕಾರಣವಿತ್ತು. ಖಡಕಿ ದಂಡಿನ ಒಬ್ಬ ಇಂಗ್ಲಿಷ್ ಸಾಹೇಬನಿಗೆ ಹಕ್ಕಿಮೊಟ್ಟೆ ಕೂಡಿಸುವ ಚಟ; ಅವನ ಬಂಗಲೆಯಿಂದ ಅವಧೂತ ಹೊರಬರುವುದನ್ನು ಕಣ್ಣಾರೆ ಕಂಡಿದ್ದೆ. ಕೇಳಿದರೆ, ಸಾಹೇಬನ ಮಗಳಿಗೆ ಚಿತ್ರ ಕಲಿಸುತ್ತೇನೆ ಎಂದಿದ್ದ. ಸಾಲದ್ದಕ್ಕೆ ಆ ದಿನ ಅವನು ಗೂಡಿನ ಹತ್ತಿರವೇ ಬರಲಿಲ್ಲ. ದೂರ ಕೂತು, "ನೀನೂ ಭಾಳ ಹತ್ರ ಹೋಗಬ್ಯಾಡ" ಎಂದ. ತಪ್ಪು ಮಾಡಿದವನ ಲಕ್ಷಣವೇ ಇದು ಎಂದುಕೊಂಡೆ.

ಅಂದಿನಿಂದ ಕಾವಲಿಗೆಂದು ದಿನಾ ಬೆಳಿಗ್ಗೆ ಒಬ್ಬನೇ ಹೋಗತೊಡಗಿದೆ. ಅಂಚಿನಲ್ಲಿ ಬಗ್ಗಿದರೆ ತಾಯಿಗೂಬೆ ಕಿತ್ತಳೆ ಕಣ್ಣು ಅರಳಿಸಿ ನನ್ನನ್ನು ದಿಟ್ಟಿಸಿ, ಹಾರಿ ಕಣಿವೆಯಾಚೆ ಹೋಗಿ ಕೂರುತ್ತಿತ್ತು. ನಾನು ಮೊಟ್ಟೆಗಳನ್ನು ನೋಡಿ ಸಮಾಧಾನದಿಂದ ಇಳಿಯುತ್ತಿದ್ದೆ. ಶನಿವಾರ ಎರಡೇ ಉಳಿದಿದ್ದವು.

ನನ್ನ ತಲೆ ಕೆಟ್ಟಿತು. ಮರುದಿನ ನಮ್ಮ ಜೊತೆ ಬಂದಿದ್ದ ಅರಿವೆ ವ್ಯಾಪಾರಿ ಈರಬಸಪ್ಪನ ಎದುರಿಗೇ ನಾಲಿಗೆ ಹರಿಬಿಟ್ಟೆ.

"ಸಾಹೇಬಗ ಎಷ್ಟು ತತ್ತಿ ಮುಟ್ಟಿಸಿದಿ, ಅವಧೂತ?"

ಅವಧೂತ ಬರೆಯುತ್ತಿದ್ದ ಪೆನ್ಸಿಲ್ ಕೆಳಗಿಟ್ಟ. "ನಾನು?" ಎಂದಷ್ಟೇ ಕೇಳಿದ. ಆಮೇಲೆ ಚಿತ್ರದ ಹಲಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಇಳಿದುಹೋದ. ಈರಬಸಪ್ಪನ ಕಿವಿಗೆ ಬಿದ್ದ ಮಾತು ಸಂಜೆಯೊಳಗೆ ಪೇಟೆಯ ನಮ್ಮ ಕನ್ನಡ ಮಂದಿಯ ಮನೆಮನೆ ಮುಟ್ಟಿತು. ನನಗೆ, ಸುಳ್ಳೇಕೆ, ಗೆದ್ದಂತೆಯೇ ಅನಿಸಿತು.

ಬುಧವಾರ ಮತ್ತೊಂದು ಹೋಯಿತು. ಅವಧೂತ ಸೋಮವಾರವೇ ಧಾರವಾಡದ ಗಾಡಿ ಹತ್ತಿದ್ದ. ಹಾಗಾದರೆ ಅವನಿಗೆ ಇಲ್ಲಿ ಯಾರೋ ಕೈಜೋಡಿಸಿದ್ದಾರೆ ಎಂದು ಲೆಕ್ಕ ಹಾಕಿದೆ. ಟೇಕಡಿಯ ಮೇಲೆ ದಿನಾ ಆಡು ಮೇಯಿಸುವ ರಂಗೂಬಾಯಿಯನ್ನು ತಡೆದು ಕೇಳಿದೆ. ಅವಳು ನಕ್ಕುಬಿಟ್ಟಳು. ಮರಾಠಿಯಲ್ಲಿ ಅವಳು ಹೇಳಿದ್ದು ಇಷ್ಟು:

"ಕಾಗೆಗಳು ನಿಮ್ಮ ಗುರುತು ಹಿಡಿದಿವೆ, ರಾವಸಾಹೇಬ. ನೀವು ಬಗ್ಗಿದ ಕೂಡಲೇ ತಾಯಿ ಏಳುತ್ತಾಳೆ. ನೀವು ಬೆನ್ನು ತಿರುಗಿಸಿದ ಕೂಡಲೇ ಅವು ಇಳಿಯುತ್ತವೆ."

ಅವಳನ್ನೂ ನಾನು ನಂಬಲಿಲ್ಲ. ಮರುದಿನ ಅಂಚಿಗೆ ಹೋಗದೆ ಮುತ್ತುಗದ ಮರೆಯಲ್ಲಿ ಕೂತೆ. ನಾನು ಬರುವ ಹೊತ್ತಿಗೆ ಸರಿಯಾಗಿ ಎರಡು ಕಾಗೆ ಬಂದು ಬಂಡೆಯ ಮೇಲಿನ ಗಿಡದಲ್ಲಿ ಕೂತವು. ತಾಯಿ ಮೊಟ್ಟೆ ಬಿಟ್ಟು ಕದಲಲಿಲ್ಲ, ಅವೂ ಕೆಳಗಿಳಿಯಲಿಲ್ಲ. ಕತ್ತು ಹೊರಳಿಸಿ ನಾನು ದಿನಾ ಬರುವ ಕಾಲುದಾರಿಯನ್ನೇ ನೋಡುತ್ತಿದ್ದವು. ತುಂಬ ಹೊತ್ತು ಕಾದು ಹಾರಿಹೋದವು. ನಾಚಿಕೆಯಿಂದ ಆ ಕಾಲುದಾರಿ ಬಿಟ್ಟು, ಗಿಡಗಳ ನಡುವೆ ಬಳಸಿ ಇಳಿದೆ.

ಅವಧೂತ ಊರಿನಿಂದ ಬಂದ ದಿನವೇ ಅವನ ಮನೆಗೆ ಹೋದೆ. ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿದೆ. ಅವನು ಒಳಗೆ ಕರೆಯಲಿಲ್ಲ.

"ಎಷ್ಟು ಉಳದಾವು?"

"ಒಂದು. ತಪ್ಪಾತು, ಅವಧೂತ. ಈರಬಸಪ್ಪನ ಮುಂದ ಹೇಳ್ತೀನಿ, ಎಲ್ಲಾರ ಮುಂದೂ ಹೇಳ್ತೀನಿ."

"ಹೇಳು. ಆದರ ಇನ್ನ ಆ ಕಡೆ ಹೋಗಬ್ಯಾಡ, ರಾಮಲಿಂಗಪ್ಪ."

"ಮತ್ತ ಮರಿ ಆತೋ ಇಲ್ಲೋ ಹ್ಯಾಂಗ ತಿಳೀತದ?"

"ತಿಳಿಯೂದಿಲ್ಲ," ಎಂದ.

ರವಿವಾರ ಪರ್ವತಿ ಗುಡ್ಡದ ಕಡೆ ಹೋಗೋಣವೇ ಎಂದು ಕೇಳಿದೆ. ನೋಡೂಣು ಎಂದ.

ಮನೆಮನೆಗೆ ಹೋಗಿ ತಪ್ಪೊಪ್ಪಿಕೊಂಡೆ. ಎಲ್ಲರೂ ತಲೆಯಾಡಿಸಿದರು, ಒಬ್ಬಿಬ್ಬರು "ಹೋಗಲಿ ಬಿಡ್ರಿ, ಗೆಳ್ಯಾ ಅಂತ ಮುಚ್ಚಿ ಹಾಕಾಕ ಹತ್ತೀರಿ" ಎಂದು ನಕ್ಕರು. ರವಿವಾರ ಕತ್ತಲಿರುವಾಗಲೇ ಪರ್ವತಿಯ ಮೆಟ್ಟಿಲ ಬಳಿ ನಿಂತೆ. ಬಿಸಿಲೇರುವವರೆಗೆ ಕಾದೆ. ಅವನು ಬರಲಿಲ್ಲ.