ಅವ್ವನ ಸ್ಕ್ಯಾನು

ಆಳಂದದ ಕಡೆಯವರೇ ಆದ, ಈಗ ಪುಣೆಯಲ್ಲಿರುವ ದೊಡ್ಡ ಡಾಕ್ಟರೊಬ್ಬರು ಮಿದುಳಿನ ಶಸ್ತ್ರಚಿಕಿತ್ಸೆಯ ಬಗ್ಗೆ ಉಪನ್ಯಾಸ ಕೊಡಲು ಮೆಡಿಕಲ್ ಕಾಲೇಜಿಗೆ ಬರುವವರಿದ್ದರು. ಅಲ್ಲಿ ಓದುತ್ತಿದ್ದ ಗೊಬ್ಬೂರಿನ ಭುವನೇಶ್ವರಿ ತನ್ನ ಪ್ರೊಫೆಸರರ ಬೆನ್ನು ಬಿದ್ದಳು. ಅಲ್ಲಿಯ ಆಸ್ಪತ್ರೆಯಲ್ಲೇ ಇದ್ದ ಅವಳ ಅವ್ವ ಹೀರಾಬಾಯಿಯ ತಲೆಯೊಳಗೆ ಗಡ್ಡೆ ಬೆಳೆದಿತ್ತು, ನೋಡಿದವರೆಲ್ಲ ಕೈಚೆಲ್ಲಿದ್ದರು. ರೋಗಿಯ ಹೆಸರು ಹೇಳದೆ ಅವ್ವನ ತಲೆಯ ಸ್ಕ್ಯಾನನ್ನೂ ಅತಿಥಿಗಳಿಗೆ ತೋರಿಸಿ ಎಂದು ಅಂಗಲಾಚಿದಳು. ಪ್ರೊಫೆಸರರು ಒಪ್ಪಿದರು.

ಉಪನ್ಯಾಸದ ಕೊನೆಗೆ ಅವ್ವನ ಮಿದುಳು ಪರದೆಯ ಮೇಲೆ ಬಂತು. ಡಾಕ್ಟರರು ಅದನ್ನು ಬಹಳ ಹೊತ್ತು ನೋಡಿ, "ಇದನ್ನ ಯಾರು ಆಪರೇಷನ್ ಮಾಡ್ತೀರಿ?" ಎಂದು ಕೇಳಿದರು. ಯಾರೂ ಕೈ ಎತ್ತಲಿಲ್ಲ. ಪಕ್ಕದ ಗೆಳತಿಯೂ ಎತ್ತಲಿಲ್ಲ. ಭುವನೇಶ್ವರಿ ಎತ್ತಿದಳು.

"ಯಾಕ ಮಾಡ್ತಿ ತಂಗಿ? ಕಾರಣ ಹೇಳು."

ಅವಳು ಓದಿದ್ದೆಲ್ಲ ಮಾಡಬಾರದೆಂದೇ ಹೇಳುತ್ತಿತ್ತು. "ಅದು ನಮ್ಮವ್ವನ ತಲಿ ಅದರಿ, ಸರ್. ನೀವು ಒಮ್ಮಿ ಕೈ ಹಚ್ಚಿ ನೋಡ್ರಿ. ನಿಮ್ಮ ಕಾಲಿಗಿ ಬೀಳ್ತೇನಿ."

ಡಾಕ್ಟರರು ಮೈಕು ಕೆಳಗಿಟ್ಟು ಅವಳ ಬೆಂಚಿನವರೆಗೆ ಬಂದರು. "ಕೈ ಹಚ್ಚಿದ್ರ ಟೇಬಲ್ ಮ್ಯಾಲೇ ಹೋಗ್ತಾರವ್ವಾ. ಈಗ ನಿನ್ನ ಗುರುತು ಹಿಡೀತಾರೇನು?"

"ಹಿಡೀತಾಳ್ರಿ."

"ಹಂಗಾದ್ರ ಮನಿಗಿ ಕರ್ಕೊಂಡು ಹೋಗು. ಜೋಡಿ ಇರು."

ಅವರ ಮೇಲೆ ಅವಳಿಗೆ ಸಿಟ್ಟು ಉಕ್ಕಿತು. ಚೀಲವನ್ನು ಅಲ್ಲೇ ಬಿಟ್ಟು ವಾರ್ಡಿಗೆ ಓಡಿದಳು.

"ದೊಡ್ಡ ಡಾಕ್ಟರ್ ಏನಂದ್ರು?" ಅವ್ವ ಕೇಳಿದಳು.

"ಊರಿಗಿ ಹೋಗ್ರಿ ಅಂದ್ರು."

"ಅಂದ್ರ ಆರಾಮ ಆದೆ ಅನ್ನು!" ಹೀರಾಬಾಯಿ ತಡಬಡಿಸಿ ಎದ್ದು ಕೂತು ಸೀರೆ ಕೇಳಿದಳು. ಭುವನೇಶ್ವರಿ ಸೀರೆ ತೆಗೆದುಕೊಟ್ಟು, ಅವಳನ್ನು ಎಬ್ಬಿಸಿ ನಿಲ್ಲಿಸಿದಳು. ಮುಖ ಕಾಣದಂತೆ ನೆಲಕ್ಕೆ ಕೂತು, ಅವ್ವನ ಸೀರೆಯ ನಿರಿಗೆ ಹಿಡಿದಳು.